ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಭಾರಿ ಕೆಲಸದ ಲ್ಯಾಪ್‌ಟಾಪ್‌ಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್ ಕುರಿತವೇ ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಕಾಫಿ ತೋಟಗಳನ್ನು ಡ್ರೋನ್‌ನಲ್ಲಿ ಸರ್ವೆ ಮಾಡಿ ನಕ್ಷೆ ತಯಾರಿಸಿಕೊಡುತ್ತೇವೆ. ಒಂದೊಂದು ತೋಟಕ್ಕೆ 1,200ರಿಂದ 1,500 ಫೋಟೊ ಆಗುತ್ತವೆ. ಈಗಿರುವ 16 ಜಿಬಿ ಲ್ಯಾಪ್‌ಟಾಪ್‌ನಲ್ಲಿ ವೆಬ್‌ಒಡಿಎಂ ಎಂಬ ಫೋಟೊ ಜೋಡಿಸುವ ತಂತ್ರಾಂಶ ಅರ್ಧಕ್ಕೇ ನಿಂತುಹೋಗುತ್ತದೆ. ಥಿಂಕ್‌ಪ್ಯಾಡ್ ಪಿ16, ಝೆಡ್‌ಬುಕ್ ಫ್ಯೂರಿ 16, ಡೆಲ್ ಪ್ರಿಸಿಷನ್ 7680 – ಮೂರರಲ್ಲಿ ಯಾವುದು ತೆಗೆದುಕೊಳ್ಳಲಿ?
– ಮೂಡಿಗೆರೆ

ನಿಮ್ಮ ಕೆಲಸ ನಿಲ್ಲುತ್ತಿರುವುದು ರ‍್ಯಾಮ್ ಸಾಲದೆ. ವೆಬ್‌ಒಡಿಎಂನ ಒಳಗಿರುವ ಓಪನ್‌ಡ್ರೋನ್‌ಮ್ಯಾಪ್ ತಂಡವೇ ಒಂದು ಅಂದಾಜು ಕೊಟ್ಟಿದೆ: 250 ಫೋಟೊಗೆ 16 ಜಿಬಿ, 500ಕ್ಕೆ 32, 1,500ಕ್ಕೆ 64, 2,500ಕ್ಕೆ 128 ಜಿಬಿ. ಇದು ರ‍್ಯಾಮ್ ಮತ್ತು ಡಿಸ್ಕಿನ ಸ್ವಾಪ್ (ಮೆಮೊರಿ ಸಾಲದಾಗ ಬಳಸಲು ಡಿಸ್ಕಿನಲ್ಲಿ ಬಿಟ್ಟ ಜಾಗ) ಎರಡೂ ಸೇರಿದ ಲೆಕ್ಕ. ಸ್ವಾಪ್ ಹೆಚ್ಚಿಸಿದರೆ ಕೆಲಸ ಮುಗಿಯುತ್ತದೆ, ಆದರೆ ತುಂಬಾ ನಿಧಾನ. ನಿಮಗೆ 64 ಜಿಬಿ ಬೇಕೇ ಬೇಕು. ಮುಂದೆ ದೊಡ್ಡ ಎಸ್ಟೇಟ್‌ಗಳ ಕೆಲಸ ಒಪ್ಪಿಕೊಳ್ಳುವುದಾದರೆ 128ಕ್ಕೆ ಏರಿಸಲು ಜಾಗ ಇರುವ ಯಂತ್ರವನ್ನೇ ನೋಡಿ.

ಹೊಸದು ಕೊಳ್ಳುವ ಮೊದಲು ಒಂದು ವಿಷಯ ಪರೀಕ್ಷಿಸಿ. ವಿಂಡೋಸ್‌ನಲ್ಲಿ ಡಾಕರ್ ಎಂಬ ತಂತ್ರಾಂಶದ ಮೂಲಕ ವೆಬ್‌ಒಡಿಎಂ ಓಡಿಸುತ್ತಿದ್ದರೆ ಅದು ಡಬ್ಲ್ಯೂಎಸ್‌ಎಲ್ ಎಂಬ, ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ವ್ಯವಸ್ಥೆಯ ಒಳಗೆ ನಡೆಯುತ್ತದೆ. ನಾವಾಗಿ ಬದಲಿಸದ ಹೊರತು ಡಬ್ಲ್ಯೂಎಸ್‌ಎಲ್‌ಗೆ ಸಿಗುವುದು ಯಂತ್ರದ ರ‍್ಯಾಮ್‌ನಲ್ಲಿ ಅರ್ಧ ಮಾತ್ರ. ಅಂದರೆ ನಿಮ್ಮ 16ರಲ್ಲಿ ಕೆಲಸಕ್ಕೆ ಬರುತ್ತಿರುವುದು 8 ಜಿಬಿ. 64 ಜಿಬಿ ಯಂತ್ರ ತಂದ ಮೇಲೂ 32ಕ್ಕೇ ನಿಂತು, ದುಡ್ಡು ದಂಡ ಅನ್ನಿಸುವುದು ಇಲ್ಲಿಯೇ. ಬಳಕೆದಾರರ ಫೋಲ್ಡರಿನಲ್ಲಿ ಡಬ್ಲ್ಯೂಎಸ್‌ಎಲ್‌ಕಾನ್ಫಿಗ್ ಫೈಲ್ ಮಾಡಿ (ಹೆಸರಿನ ಮುಂದೆ ಚುಕ್ಕೆ ಇರಬೇಕು), ಮೆಮೊರಿ ಮಿತಿಯನ್ನು 64ರಲ್ಲಿ 54ರಷ್ಟಕ್ಕೆ ಏರಿಸಿ, ಡಬ್ಲ್ಯೂಎಸ್‌ಎಲ್ ಅನ್ನು ಪೂರ್ತಿ ಮುಚ್ಚಿ ತೆರೆಯಿರಿ.

ಇನ್ನು ಮೂರು ಮಾದರಿಗಳು. ಪಿ16 ಮತ್ತು ಝೆಡ್‌ಬುಕ್ ಫ್ಯೂರಿ 16 ಎರಡರಲ್ಲೂ ಸಾಮಾನ್ಯ ಸೋಡಿಮ್ ರ‍್ಯಾಮಿನ ನಾಲ್ಕು ಸ್ಲಾಟ್ ಇವೆ. ಈಗ 32 ಜಿಬಿಯ ಎರಡು ಕಡ್ಡಿ ಹಾಕಿ, ಮುಂದೆ ಇನ್ನೆರಡು ಸೇರಿಸಬಹುದು. ನಾಲ್ಕೂ ತುಂಬಿದಾಗ ರ‍್ಯಾಮ್ ವೇಗ ಇಳಿಯುತ್ತದೆ. 4800ರ ಕಡ್ಡಿಗಳು 4000 ಅಥವಾ ಅದಕ್ಕಿಂತ ಕೆಳಗೆ ಓಡುತ್ತವೆ. ಅದು ದೋಷವಲ್ಲ, ಡಿಡಿಆರ್5ರ ಮಿತಿ. ಫೋಟೊ ಜೋಡಿಸುವ ಕೆಲಸದಲ್ಲಿ ಆ ವೇಗಕ್ಕಿಂತ ಸಾಕಷ್ಟು ಜಾಗ ಇರುವುದೇ ದೊಡ್ಡದು. ಡೆಲ್ 2022ರ ಪ್ರಿಸಿಷನ್ 7670ರಿಂದ ಕ್ಯಾಮ್ ಎಂಬ ಚಪ್ಪಟೆ ರ‍್ಯಾಮ್ ಹಲಗೆ ತಂದಿತು, 7680ರಲ್ಲೂ ಇದೆ. ತಾಂತ್ರಿಕವಾಗಿ ಒಳ್ಳೆಯದೇ. ಆದರೆ 64 ಇದ್ದದ್ದನ್ನು 128 ಮಾಡಬೇಕಾದರೆ ಇಡೀ ಹಲಗೆ ಬದಲಿಸಬೇಕು, ಅದು ಚಿಕ್ಕಮಗಳೂರಿನ ಅಂಗಡಿಯಲ್ಲಿ ಕೈಗೆ ಸಿಗುವ ಸಾಮಾನಲ್ಲ. 7680 ಕೊಳ್ಳುವುದಾದರೆ ಬೇಕಾದಷ್ಟು ರ‍್ಯಾಮ್ ಮೊದಲೇ ಹಾಕಿಸಿ ತರಿಸಿ.

ಗ್ರಾಫಿಕ್ಸ್ ಕಾರ್ಡಿಗೆ ಸುರಿಯುವ ಹಣದಲ್ಲಿ ಕೈ ಬಿಗಿ ಹಿಡಿಯಿರಿ. ವೆಬ್‌ಒಡಿಎಂನ ಬಹುಪಾಲು ಕೆಲಸ ಪ್ರೊಸೆಸರಿನಲ್ಲೇ ನಡೆಯುತ್ತದೆ. ಮುಂದೆ ಇದೇ ಕೆಲಸದ ಇನ್ನೊಂದು ತಂತ್ರಾಂಶ ಮೆಟಾಶೇಪ್‌ಗೆ ಹೋದರೆ ಡೆಪ್ತ್ ಮ್ಯಾಪ್ (ಫೋಟೊಗಳಿಂದ ದೂರ ಲೆಕ್ಕ ಹಾಕುವ) ಹಂತದಲ್ಲಿ ಕಾರ್ಡ್ ಚೆನ್ನಾಗಿ ದುಡಿಯುತ್ತದೆ. ಆಗಲೂ ಎನ್ವಿಡಿಯಾದ 8 ಜಿಬಿಯ ಆರ್‌ಟಿಎಕ್ಸ್ 2000 ಅದಾ ಸಾಕು. ಬೇಲೂರು, ಹಳೇಬೀಡಿನ ಶಿಲ್ಪದಂಥ ಸೂಕ್ಷ್ಮ ಕೆತ್ತನೆಯನ್ನು ರಿಯಾಲಿಟಿಕ್ಯಾಪ್ಚರ್‌ನಲ್ಲಿ ಮೂರು ಆಯಾಮಕ್ಕೆ ತರುವವರ ಅಗತ್ಯವೇ ಬೇರೆ. ಆ ತಂತ್ರಾಂಶಕ್ಕೆ ಎನ್ವಿಡಿಯಾ ಕಾರ್ಡ್ ಕಡ್ಡಾಯ, ಅವರು 12 ಜಿಬಿಯ 3500 ಅದಾ ನೋಡಬಹುದು.

ಮೂರರಲ್ಲಿ ಒಂದನ್ನು ಹೇಳಿ ಎಂದರೆ ನಮ್ಮ ಆಯ್ಕೆ ಪಿ16. ತೂಕ ಮೂರು ಕಿಲೋ ಹತ್ತಿರ, ಚಾರ್ಜರ್ ಬೇರೆ. ಆದರೆ ನೀವು ತೋಟಕ್ಕೆ ಡ್ರೋನ್ ಒಯ್ಯುತ್ತೀರಿ, ಲ್ಯಾಪ್‌ಟಾಪ್ ಕೆಲಸ ಮಾಡುವುದು ಮೇಜಿನ ಮೇಲೆ. ರಾತ್ರಿಯಿಡೀ ಓಡುವ ಯಂತ್ರಕ್ಕೆ ದಪ್ಪ ಮೈ, ದೊಡ್ಡ ಫ್ಯಾನ್ ಬೇಕು. ನಿಮ್ಮೂರಿನ ಪಿನ್‌ಕೋಡಿಗೆ ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ಝೆಡ್‌ಬುಕ್‌ಗೆ ಮಾತ್ರ ಸಿಗುವುದಾದರೆ ಅದನ್ನೇ ತೆಗೆದುಕೊಳ್ಳಿ. ಮದರ್‌ಬೋರ್ಡ್ ಕೆಟ್ಟು ಯಂತ್ರವನ್ನು ಬೆಂಗಳೂರಿಗೆ ಹೊತ್ತೊಯ್ಯುವ ಕಷ್ಟದ ಮುಂದೆ ಈ ಎರಡರ ನಡುವಿನ ವ್ಯತ್ಯಾಸ ಏನೂ ಅಲ್ಲ. ಮಾರಾಟಗಾರರ ಬಾಯಿಮಾತು ಸಾಲದು. ಕ್ವೊಟೇಶನ್‌ನಲ್ಲಿ ಪಿನ್‌ಕೋಡ್ ಸಮೇತ ಬರೆಸಿಕೊಳ್ಳಿ.

ಪ್ರಶ್ನೆ: ಮಗಳು ಹಾಸನದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಎರಡನೇ ವರ್ಷ. ಸಾಲಿಡ್‌ವರ್ಕ್ಸ್, ಆನ್ಸಿಸ್ ಕಲಿಯಬೇಕಂತೆ. ಅದೇ ಬೆಲೆಗೆ ಗೇಮಿಂಗ್ ಲ್ಯಾಪ್‌ಟಾಪ್ ಹೆಚ್ಚು ಬಲವಾದದ್ದು ಬರುತ್ತದೆ ಅನ್ನುತ್ತಾರೆ. ನಿಜವೇ?
– ಅರಸೀಕೆರೆ

ನಿಜ. ಆರ್‌ಟಿಎಕ್ಸ್ 2000 ಅದಾ ಮತ್ತು ಗೇಮಿಂಗ್‌ನ ಆರ್‌ಟಿಎಕ್ಸ್ 4060 – ಎರಡರೊಳಗೂ ಇರುವುದು ಒಂದೇ ಬಗೆಯ ಚಿಪ್, ಎರಡಕ್ಕೂ 8 ಜಿಬಿ ಮೆಮೊರಿ. ವರ್ಕ್‌ಸ್ಟೇಷನ್ ಕಾರ್ಡಿಗೆ ನೀವು ಹೆಚ್ಚು ಕೊಡುವುದು ಅದರ ಡ್ರೈವರಿಗೆ, ತಂತ್ರಾಂಶ ಕಂಪನಿಗಳು ಪರೀಕ್ಷಿಸಿ ಕೊಟ್ಟ ಪ್ರಮಾಣೀಕರಣಕ್ಕೆ. ಸಾಲಿಡ್‌ವರ್ಕ್ಸ್‌ನಲ್ಲಿ ಗೇಮಿಂಗ್ ಕಾರ್ಡಿದ್ದರೆ ರಿಯಲ್‌ವ್ಯೂ ಎಂಬ ಹೊಳಪಿನ ನೋಟ ತೆರೆದುಕೊಳ್ಳುವುದಿಲ್ಲ. ಭಾಗಗಳನ್ನು ಬಿಡಿಸುವುದು, ಜೋಡಿಸುವುದು, ಡ್ರಾಯಿಂಗ್ ತೆಗೆಯುವುದು ಯಾವುದಕ್ಕೂ ಅಡ್ಡಿಯಿಲ್ಲ. ಕಲಿಯುವ ಹಂತಕ್ಕೆ ಗೇಮಿಂಗ್ ಲ್ಯಾಪ್‌ಟಾಪ್ ಧಾರಾಳ ಸಾಕು. ಎನ್ವಿಡಿಯಾದ ಸ್ಟುಡಿಯೋ ಡ್ರೈವರ್ ಹಾಕಿಕೊಂಡರೆ ಆಯಿತು.

ಎಚ್ಚರ ಬೇಕಾದ್ದು ವ್ಯಾಟ್ ವಿಷಯದಲ್ಲಿ. ಒಂದೇ ಹೆಸರಿನ ಕಾರ್ಡ್ ತೆಳ್ಳನೆಯ ಯಂತ್ರದಲ್ಲಿ 35–45 ವ್ಯಾಟ್‌ನಲ್ಲಿ ಓಡಬಹುದು, ದಪ್ಪನೆಯದರಲ್ಲಿ 100 ದಾಟಬಹುದು. ಡಬ್ಬದ ಮೇಲೆ ಇದನ್ನು ಬರೆದಿರುವುದು ಅಪರೂಪ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ಸಿಸ್ಟಂ ಇನ್‌ಫರ್ಮೇಷನ್‌ನಲ್ಲಿ ಗರಿಷ್ಠ ಗ್ರಾಫಿಕ್ಸ್ ಪವರ್ ಎಷ್ಟಿದೆ ನೋಡಿ. ಅಂಗಡಿಯಲ್ಲಿ ಇದನ್ನು ತೋರಿಸಿ ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಆನ್ಸಿಸ್ ಕೇಳುವುದು ರ‍್ಯಾಮ್. 16 ಜಿಬಿ ಇರುವುದನ್ನು ಕೊಂಡರೂ ಎರಡು ಸ್ಲಾಟ್ ಇರಲಿ, ಬೋರ್ಡಿಗೇ ಬೆಸುಗೆ ಹಾಕಿದ ರ‍್ಯಾಮ್ ಬೇಡ.

ಪ್ರಶ್ನೆ: ಬೆಂಗಳೂರಿನಲ್ಲಿ ಕಂಪನಿಗಳು ಬಿಟ್ಟ ಥಿಂಕ್‌ಪ್ಯಾಡ್ ಪಿ53, ಪ್ರಿಸಿಷನ್ 7540 ಒಳ್ಳೆಯ ಬೆಲೆಗೆ ಸಿಗುತ್ತಿವೆ. ಆಟೋಕ್ಯಾಡ್, ರೆವಿಟ್ ಕೆಲಸಕ್ಕೆ ಬೇಕು. ಧೈರ್ಯ ಮಾಡಬಹುದೇ? ಏನೇನು ನೋಡಬೇಕು?
– ಚಿಕ್ಕಮಗಳೂರು

ಮಾಡಬಹುದು. ಎರಡೂ ಇಂಟೆಲ್‌ನ 9ನೇ ತಲೆಮಾರಿನವು, ಗಟ್ಟಿ ಯಂತ್ರಗಳು, ಬಿಡಿಭಾಗ ಇನ್ನೂ ಸಿಗುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಸರಾಗವಾಗಿ ಬೇಕಾದರೆ ಇಂಟೆಲ್ 8ನೇ ತಲೆಮಾರು ಕನಿಷ್ಠ. ಹಾಗಾಗಿ ಪಿ51, ಪ್ರಿಸಿಷನ್ 7520 ಎಷ್ಟೇ ಅಗ್ಗವಾದರೂ ಬೇಡ. ರೆವಿಟ್, ಆಟೋಕ್ಯಾಡ್ ಎರಡೂ ಬಹುಪಾಲು ಪ್ರೊಸೆಸರಿನ ಒಂದೇ ಕೋರ್ ಮೇಲೆ ಭಾರ ಹಾಕುವುದರಿಂದ ಇವತ್ತಿನ ಹೊಸ ಪ್ರೊಸೆಸರಿನ ಚುರುಕು ನಿರೀಕ್ಷಿಸಬೇಡಿ. ಮನೆ, ಹೋಂಸ್ಟೇ, ಸಣ್ಣ ಕಲ್ಯಾಣಮಂಟಪದ ಮಾಡೆಲ್‌ಗೆ ಅಡ್ಡಿಯಿಲ್ಲ.

ಹಳೆಯ ಯಂತ್ರದಲ್ಲಿ ಕೈಸುಡುವುದು ಬೀಗಗಳಿಂದ. ಮೊದಲನೆಯದು ಬಯಾಸ್ (ವಿಂಡೋಸ್‌ಗೂ ಮೊದಲು ಎಚ್ಚರವಾಗುವ, ಯಂತ್ರದ ಮೂಲ ತಂತ್ರಾಂಶ) ಪಾಸ್‌ವರ್ಡ್. ಥಿಂಕ್‌ಪ್ಯಾಡ್ ಆನ್ ಮಾಡಿ ಎಫ್1 ಒತ್ತಿ; ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ಬಿಡಿ. ಸಣ್ಣ ಸೆಲ್ ತೆಗೆದು ಹಾಕಿದರೆ ಅದು ಹೋಗುವುದಿಲ್ಲ, ಲೆನೊವೊ ಪ್ರಕಾರ ಮದರ್‌ಬೋರ್ಡನ್ನೇ ಬದಲಿಸಬೇಕು. ಎರಡನೆಯದು ಇನ್ನೂ ಕಪಟದ್ದು. ಹಳೆಯ ಕಂಪನಿ ಯಂತ್ರವನ್ನು ಮೈಕ್ರೋಸಾಫ್ಟ್‌ನ ಆಟೋಪೈಲಟ್‌ನಲ್ಲಿ ನೋಂದಾಯಿಸಿ ಹಾಗೇ ಬಿಟ್ಟಿದ್ದರೆ, ವಿಂಡೋಸ್ ಹೊಸದಾಗಿ ಹಾಕಿದರೂ ಇಂಟರ್ನೆಟ್ ಸಿಕ್ಕಿದ ತಕ್ಷಣ ಆ ಕಂಪನಿಯ ಲಾಗಿನ್ ಪುಟ ಬಂದು ನಿಲ್ಲುತ್ತದೆ. ನೋಂದಣಿ ಇರುವುದು ಸರ್ವರಿನಲ್ಲಿ, ಡಿಸ್ಕಿನಲ್ಲಲ್ಲ. ಅಂಗಡಿಯವರು ಇಂಟರ್ನೆಟ್ ಇಲ್ಲದೆ ವಿಂಡೋಸ್ ಹಾಕಿ ಕೊಟ್ಟಿದ್ದರೆ ಗೊತ್ತೇ ಆಗುವುದಿಲ್ಲ. ಮುಂದೊಂದು ದಿನ ರೀಸೆಟ್ ಮಾಡಿದಾಗ ಸಿಕ್ಕಿಬೀಳುತ್ತೀರಿ. ಹಣ ಕೊಡುವ ಮೊದಲು ನಿಮ್ಮೆದುರೇ ರೀಸೆಟ್ ಮಾಡಿಸಿ, ನಿಮ್ಮ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಮೊದಲ ಸೆಟಪ್ ಕೊನೆಯವರೆಗೂ ನಡೆಸಿ. ಮುಕ್ಕಾಲು ಗಂಟೆ ಹಿಡಿಯಬಹುದು. ಹಿಡಿಯಲಿ.

ಆಮೇಲೆ ಬ್ಯಾಟರಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿಯ ಬ್ಯಾಟರಿ ರಿಪೋರ್ಟ್ ತೆಗೆಸಿ, ಡಿಸೈನ್ ಕೆಪ್ಯಾಸಿಟಿ ಮತ್ತು ಫುಲ್ ಚಾರ್ಜ್ ಕೆಪ್ಯಾಸಿಟಿ ಹೋಲಿಸಿ. ಅರವತ್ತು ಶೇಕಡಕ್ಕಿಂತ ಕಡಿಮೆಯಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಚೌಕಾಸಿ ಮಾಡಿ. ಟ್ರ್ಯಾಕ್‌ಪ್ಯಾಡ್ ಎದ್ದಿದ್ದರೆ, ಕೆಳಗಿನ ಮುಚ್ಚಳ ಮೇಜಿನ ಮೇಲೆ ಕೂರದೆ ಅಲ್ಲಾಡಿದರೆ ಬ್ಯಾಟರಿ ಉಬ್ಬಿದೆ ಎಂದರ್ಥ. ಅದನ್ನು ಒತ್ತಬೇಡಿ, ಚಾರ್ಜ್ ಮಾಡಬೇಡಿ. ಎಸ್‌ಎಸ್‌ಡಿ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಹೇಳುತ್ತದೆ.

ಕೊನೆಗೆ ಭಾರ ಹಾಕಿ ನೋಡಿ. ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡುವ ಸಿನೆಬೆಂಚ್ ತಂತ್ರಾಂಶ ಹತ್ತು ನಿಮಿಷ ಓಡಿಸಿ, ಪಕ್ಕದಲ್ಲಿ ಉಷ್ಣತೆ ತೋರಿಸುವ ಎಚ್‌ಡಬ್ಲ್ಯೂಇನ್ಫೊ ತೆರೆದಿರಲಿ. ಶುರುವಾದ ಕೆಲವೇ ಸೆಕೆಂಡಿನಲ್ಲಿ ಉಷ್ಣತೆ 95 ಮುಟ್ಟಿ, ನಿಲ್ಲಿಸಿದ ಕ್ಷಣವೇ ಸರ್ರನೆ ಇಳಿದರೆ ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿದೆ. ನಿಧಾನವಾಗಿ ಏರಿ, ನಿಲ್ಲಿಸಿದ ಮೇಲೂ ಬಹಳ ಹೊತ್ತು ಬಿಸಿಯೇ ಇದ್ದರೆ ಫ್ಯಾನಿನ ಮುಂದಿನ ತಗಡಿನ ಸಂದುಗಳಲ್ಲಿ ದೂಳು ಕಟ್ಟಿದೆ. ಎರಡೂ ಸರಿಹೋಗುವಂಥವು. ಪೇಸ್ಟ್ ಬದಲಿಸುವಾಗ ಪಿಟಿಎಂ7950 ಹಾಳೆ ಹಾಕಿಸಿ; ಬಿಸಿಯಾದಾಗ ಮೆದುವಾಗಿ ಹರಡಿಕೊಳ್ಳುವ ಇದು ಮಾಮೂಲಿ ಪೇಸ್ಟಿನ ಹಾಗೆ ಬದಿಗೆ ಜಾರಿ ಹೋಗುವುದಿಲ್ಲ. ನಕಲಿ ಹಾಳೆಗಳೂ ಇವೆ, ನಂಬಿಕೆಯ ಕಡೆ ಕೊಳ್ಳಿ.

ಪಿ53ರ ನಾಲ್ಕು ರ‍್ಯಾಮ್ ಸ್ಲಾಟ್‌ಗಳಲ್ಲಿ ಎರಡು ಕೀಬೋರ್ಡ್ ಕೆಳಗಿವೆ. ಹಿಂದಿನ ಮುಚ್ಚಳ ತೆಗೆದು ‘ಎರಡೇ ಇರೋದು’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಪ್ರಶ್ನೆ: ತೋಟದ ಮನೆಯಲ್ಲಿ ಡೆಲ್ ಪ್ರಿಸಿಷನ್ ಬಳಸುತ್ತಿದ್ದೇವೆ. ಇತ್ತೀಚೆಗೆ ಚಾರ್ಜರ್ ಹಾಕಿದರೂ ಬ್ಯಾಟರಿ ಏರುವುದಿಲ್ಲ, ಯಂತ್ರ ಆಮೆಯ ಹಾಗೆ ನಿಧಾನ. ಮೈ ಮುಟ್ಟಿದರೆ ಜುಮ್ ಅನ್ನುತ್ತದೆ. ಕರೆಂಟ್ ಹೋದಾಗ ಇನ್ವರ್ಟರ್‌ನಲ್ಲಿ ಓಡಿಸಬಹುದೇ?
– ಸಕಲೇಶಪುರ

ಮೂರೂ ಬೇರೆ ಬೇರೆ ಸಮಸ್ಯೆ.

ದುಂಡು ತುದಿಯ ಡೆಲ್ ಚಾರ್ಜರಿನ ನಡುವೆ ಕೂದಲಿನಂಥ ಒಂದು ಪಿನ್ ಇದೆ. ಚಾರ್ಜರ್ ಎಷ್ಟು ವ್ಯಾಟಿನದು ಎಂದು ಅದು ಯಂತ್ರಕ್ಕೆ ತಿಳಿಸುತ್ತದೆ. ಪಿನ್ ಬಾಗಿದರೆ, ಮುರಿದರೆ, ಒಳಗಿನ ಸಣ್ಣ ತಂತಿ ಕಿತ್ತರೆ ಯಂತ್ರಕ್ಕೆ ಕರೆಂಟ್ ಬರುತ್ತದೆ, ಗುರುತು ಸಿಗುವುದಿಲ್ಲ. ಆಗ ಅದು ಬ್ಯಾಟರಿ ಚಾರ್ಜ್ ನಿಲ್ಲಿಸಿ ಪ್ರೊಸೆಸರಿನ ವೇಗವನ್ನೂ ತಗ್ಗಿಸುತ್ತದೆ. ಆನ್ ಮಾಡುವಾಗ ಅಡಾಪ್ಟರ್ ಗುರುತಿಸಲಾಗಲಿಲ್ಲ ಎಂಬ ಸಂದೇಶ ಬರುತ್ತಿದ್ದರೆ ಇದೇ. ಅದೇ ವ್ಯಾಟಿನ ಬೇರೆ ಅಸಲಿ ಚಾರ್ಜರ್ ಹಾಕಿ ನೋಡಿ. ಸರಿಹೋದರೆ ಚಾರ್ಜರಿನ ದೋಷ, ಹೋಗದಿದ್ದರೆ ಲ್ಯಾಪ್‌ಟಾಪಿನ ಚಾರ್ಜಿಂಗ್ ಜ್ಯಾಕ್. ಮದರ್‌ಬೋರ್ಡ್ ಹೋಗಿದೆ ಎಂದು ಯಾರಾದರೂ ಹೇಳುವ ಮೊದಲು ಈ ಎರಡನ್ನೂ ಪರೀಕ್ಷಿಸಿ. 240 ವ್ಯಾಟ್ ಬೇಡುವ ಯಂತ್ರಕ್ಕೆ 130 ವ್ಯಾಟಿನದು ಚುಚ್ಚಿದರೂ ಇದೇ ಬಗೆಯ ನಿಧಾನಗತಿ ಕಾಣುತ್ತದೆ.

ಜುಮ್ ಅನ್ನುವುದು ಅರ್ತಿಂಗ್ ಇಲ್ಲದ್ದರಿಂದ. ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ ಮಾಡುವ ಕನ್ವರ್ಟರ್ ಹಾಕಿದ್ದರೆ ಮೊದಲು ಅದನ್ನು ತೆಗೆಯಿರಿ. ಚಾರ್ಜರಿನೊಳಗಿನ ಫಿಲ್ಟರ್ ಕೆಪ್ಯಾಸಿಟರ್‌ಗಳಿಂದ ಸೋರುವ ತೀರಾ ಸಣ್ಣ ಕರೆಂಟ್ ಅರ್ತ್ ತಂತಿಯಲ್ಲಿ ಹೋಗಬೇಕು. ದಾರಿ ಇಲ್ಲದಾಗ ಲೋಹದ ಮೈಯಲ್ಲಿ ನಿಂತು ನಿಮ್ಮ ಕೈ ಮೂಲಕ ಹೋಗುತ್ತದೆ. ಮೂರು ಪಿನ್ ಹಾಕಿದರೂ ಜುಮ್ ಅಂದರೆ ಸಾಕೆಟ್ಟಿಗೆ ಅರ್ತ್ ತಲುಪಿಲ್ಲ. ಹಳೆಯ ಬಂಗಲೆಗಳ ವೈರಿಂಗ್‌ನಲ್ಲಿ ಇದು ಮಾಮೂಲು. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜ್ ಅಳೆಸಿ. ಕೆಲವೇ ವೋಲ್ಟ್ ಬರಬೇಕು. ಹತ್ತಾರು ಬಂದರೆ ಅರ್ತ್ ಗುಂಡಿ ಸರಿಪಡಿಸಿ. ಇದನ್ನು ನಾಳೆಗೆ ಹಾಕಬೇಡಿ, ಗೀಸರ್, ಮೋಟಾರಿನಲ್ಲಿ ನಿಜವಾದ ಷಾರ್ಟ್ ಆದ ದಿನ ಪ್ರಾಣ ಉಳಿಸುವುದು ಇದೇ ತಂತಿ.

ಇನ್ವರ್ಟರ್ ಪ್ಯೂರ್ ಸೈನ್ ವೇವ್ ಆಗಿದ್ದರೆ ಧಾರಾಳ ಓಡಿಸಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಬೇಡ. 200 ವ್ಯಾಟ್ ಮೇಲಿನ ಚಾರ್ಜರ್‌ಗಳಲ್ಲಿ ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್ ಇರುತ್ತದೆ. ಅಂಥ ಕರೆಂಟಿನಲ್ಲಿ ಅದು ಗುಂಯ್ ಅಂದು ಬಿಸಿಯಾಗುತ್ತದೆ, ಕೆಲವೊಮ್ಮೆ ಕಡಿದುಕೊಳ್ಳುತ್ತದೆ. 150 ಎಎಚ್, 12 ವೋಲ್ಟ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್ ಅವರ್ ಇದೆ. ಇನ್ವರ್ಟರಿನ ನಷ್ಟ, ಬ್ಯಾಟರಿಯನ್ನು ತಳ ಕಾಣುವವರೆಗೆ ಇಳಿಸಬಾರದು ಎಂಬುದು ಎರಡನ್ನೂ ಕಳೆದರೆ ಸಾವಿರದಷ್ಟು ಕೈಗೆ ಸಿಗುತ್ತದೆ. 200 ವ್ಯಾಟ್ ಎಳೆಯುವ ರೆಂಡರಿಂಗ್ ಆದರೆ ಐದು ಗಂಟೆ, ಅದೂ ಬೇರೇನೂ ಹಚ್ಚದಿದ್ದರೆ. ಜನರೇಟರ್‌ಗೆ ಬದಲಾಯಿಸುವ ಹೊತ್ತಿನಲ್ಲಿ ಮಾತ್ರ ಚಾರ್ಜರ್ ಕಿತ್ತಿಡಿ. ಪೆಟ್ಟು ಬೀಳುವುದು ಆ ಗಳಿಗೆಯಲ್ಲಿ.

ಪ್ರಶ್ನೆ: ಮುಚ್ಚಿ ಬ್ಯಾಗಿಗೆ ಹಾಕಿದ ಲ್ಯಾಪ್‌ಟಾಪ್ ಬೆಂಗಳೂರು ತಲುಪುವಷ್ಟರಲ್ಲಿ ಕಾದ ಕಾವಲಿ. ಏಕೆ?
– ಬೇಲೂರು

ಅದು ಮಲಗಿರುವುದಿಲ್ಲ. ಈಚಿನ ಯಂತ್ರಗಳ ಮಾಡರ್ನ್ ಸ್ಟ್ಯಾಂಡ್‌ಬೈನಲ್ಲಿ ಮುಚ್ಚಳ ಹಾಕಿದರೂ ಅಪ್‌ಡೇಟ್, ಮೇಲ್ ಎಂದು ಎಚ್ಚರವಾಗುತ್ತಿರುತ್ತದೆ. ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ಹೈಬರ್ನೇಟ್ ಎಂದು ಇಡಿ. ತೆರೆಯುವಾಗ ಹತ್ತಿಪ್ಪತ್ತು ಸೆಕೆಂಡ್ ಹೆಚ್ಚು ಕಾಯಬೇಕು, ಅಷ್ಟೇ.

ಪ್ರಶ್ನೆ: ಮದುವೆ ವಿಡಿಯೊ ಎಡಿಟಿಂಗ್. ಹೊಸ ಕ್ಯಾಮೆರಾದ 10 ಬಿಟ್ 4:2:2 (ಬಣ್ಣದ ವಿವರ ಹೆಚ್ಚಿರುವ) ಫೈಲುಗಳು ಆರ್‌ಟಿಎಕ್ಸ್ 4070 ಇದ್ದರೂ ಟೈಮ್‌ಲೈನ್‌ನಲ್ಲಿ ತಡವರಿಸುತ್ತವೆ. ಹಳೆಯ ಕ್ಯಾಮೆರಾದವು ನೀರು ಕುಡಿದಂತೆ ಓಡುತ್ತವೆ.
– ಹೊಳೆನರಸೀಪುರ

ಎಚ್.265ರ 4:2:2 ಫೈಲನ್ನು ಬಿಡಿಸುವ ಯಂತ್ರಾಂಶ ಎನ್ವಿಡಿಯಾದ 40ರ ಸಾಲಿನಲ್ಲಿ ಇಲ್ಲ. 2025ರಲ್ಲಿ ಬಂದ 50ರ ಸಾಲಿನಿಂದ ಇದೆ. ಇಂಟೆಲ್ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್ 11ನೇ ತಲೆಮಾರಿನಿಂದಲೇ ಇದನ್ನು ಮಾಡುತ್ತದೆ. ನಿಮ್ಮದು ಇಂಟೆಲ್ ಆಗಿದ್ದರೆ ಬಯಾಸ್‌ನಲ್ಲಿ ಗ್ರಾಫಿಕ್ಸ್ ಅನ್ನು ಡಿಸ್ಕ್ರೀಟ್ ಮಾತ್ರ ಎಂದು ಇಟ್ಟಿದ್ದೀರಾ ನೋಡಿ. ವೇಗ ಹೆಚ್ಚಲಿ ಎಂದು ಹಾಗೆ ಮಾಡಿಟ್ಟವರು ಬಹಳ ಜನ. ಅದರಿಂದ ಇಂಟೆಲ್ ಗ್ರಾಫಿಕ್ಸ್ ಪೂರ್ತಿ ಆಫ್ ಆಗಿ ಈ ಅನುಕೂಲವೇ ಕೈತಪ್ಪುತ್ತದೆ. ಹೈಬ್ರಿಡ್‌ಗೆ ತಿರುಗಿಸಿ, ಎಡಿಟಿಂಗ್ ತಂತ್ರಾಂಶದ ಡಿಕೋಡ್ ಆಯ್ಕೆಯಲ್ಲಿ ಇಂಟೆಲ್ ಅನ್ನು ಗುರುತು ಮಾಡಿ. ಎಎಂಡಿ ಪ್ರೊಸೆಸರ್ ಆಗಿದ್ದರೆ ಪ್ರಾಕ್ಸಿ (ಎಡಿಟಿಂಗ್‌ಗಾಗಿ ಮಾಡಿದ ಹಗುರ ನಕಲು ಫೈಲ್) ಮಾಡಿಕೊಂಡು ಎಡಿಟ್ ಮಾಡುವುದೇ ದಾರಿ.

ಪ್ರಶ್ನೆ: ಮಳೆಗಾಲದಲ್ಲಿ ಬಟ್ಟೆ, ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ. ಇಷ್ಟು ದುಬಾರಿ ಯಂತ್ರವನ್ನು ಹೇಗೆ ಕಾಪಾಡುವುದು? ಸಿಡಿಲಿನ ಭಯವೂ ಇದೆ.
– ಕೊಪ್ಪ

ಬೀರುವಿನಲ್ಲಿ ಮುಚ್ಚಿಡುವುದೇ ದೊಡ್ಡ ತಪ್ಪು. ಓಡುತ್ತಿರುವ ಯಂತ್ರ ತನ್ನ ಬಿಸಿಯಿಂದಲೇ ಒಣಗಿರುತ್ತದೆ. ಆರಿದ್ರಾ, ಪುನರ್ವಸು ಮಳೆ ಹಿಡಿದ ವಾರಗಳಲ್ಲಿ ಕೆಲಸವಿರಲಿ ಬಿಡಲಿ, ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ಊರಿಗೆ ಹೋಗುವಾಗ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜತೆ ಇಡಿ; ಬಣ್ಣ ಬದಲಾಗುವ ಬಗೆಯದಾದರೆ ಯಾವಾಗ ಒಣಗಿಸಬೇಕೆಂದು ಗೊತ್ತಾಗುತ್ತದೆ. ತೇವ ಮೊದಲು ಹಾಳುಮಾಡುವುದು ಚಾರ್ಜಿಂಗ್ ಜ್ಯಾಕ್, ಯುಎಸ್‌ಬಿ, ರ‍್ಯಾಮ್ ಸ್ಲಾಟಿನ ಲೋಹದ ಮೊನೆಗಳನ್ನು. ಸೌದೆ ಒಲೆಯ ಹೊಗೆ ಬರುವ ಕೋಣೆ ಬೇಡ. ಜಿಡ್ಡಿನ ದೂಳು ಫ್ಯಾನಿನಲ್ಲಿ ಕಚ್ಚಿಕೊಂಡರೆ ಗಾಳಿ ಊದಿದರೂ ಹೋಗುವುದಿಲ್ಲ, ಬಿಚ್ಚಿ ಬ್ರಷ್ಷಿನಲ್ಲಿ ತೆಗೆಯಬೇಕು. ಬೆಚ್ಚನೆಯ ಜಾಗ ಹುಡುಕಿ ಇರುವೆ ಗೂಡು ಕಟ್ಟುವುದೂ ಉಂಟು, ಯಂತ್ರದ ಹತ್ತಿರ ತಿಂಡಿ ತಿನ್ನಬೇಡಿ.

ಸಿಡಿಲು ಜಾಸ್ತಿ ಮುಂಗಾರಿಗೆ ಮುಂಚೆ, ಏಪ್ರಿಲ್–ಮೇ ತಿಂಗಳಲ್ಲಿ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕೀಳಬೇಕು, ಸ್ವಿಚ್ ಆರಿಸಿದರೆ ಸಾಲದು. ಬಹಳ ಜನ ಮರೆಯುವುದು ಲ್ಯಾನ್ ಕೇಬಲ್. ಫೈಬರ್ ಎಳೆಯಲ್ಲಿ ಕರೆಂಟ್ ಹರಿಯದು, ಆದರೆ ಫೈಬರ್ ಡಬ್ಬಕ್ಕೆ ಕರೆಂಟ್ ಕೊಡುವ ತಂತಿ ಇದೆ. ಅಲ್ಲಿಂದ ನುಗ್ಗಿ ಲ್ಯಾನ್ ಮೂಲಕ ಲ್ಯಾಪ್‌ಟಾಪಿಗೆ ಬರುತ್ತದೆ. ಅದನ್ನೂ ಕೀಳಿ, ಇಲ್ಲವೇ ವೈಫೈ ಬಳಸಿ. ಸರ್ಜ್ ಪ್ರೊಟೆಕ್ಟರ್ ಒಳ್ಳೆಯದೇ, ಆದರೆ ಅರ್ತ್ ಇಲ್ಲದ ಸಾಕೆಟ್ಟಿನಲ್ಲಿ ಅದರ ಪ್ರಯೋಜನ ಅಲ್ಪ. ಒಂದೆರಡು ದೊಡ್ಡ ಪೆಟ್ಟು ತಿಂದ ಮೇಲೆ ಒಳಗಿನ ಭಾಗ ಸವೆದಿರುತ್ತದೆ; ದೀಪ ಆರಿದ್ದರೆ ಬದಲಿಸಿ.

ಪ್ರಶ್ನೆ: ಪಿ16ಗೆ ಹೊಸ ರ‍್ಯಾಮ್ ಹಾಕಿದೆ. ಆನ್ ಆಗುತ್ತದೆ, ಪರದೆ ಕಪ್ಪು. ಮೂರು ಸಲ ಆರಿಸಿ ಹಚ್ಚಿದೆ.
– ಹಾಸನ

ಆರಿಸಬೇಡಿ. ಡಿಡಿಆರ್5 ರ‍್ಯಾಮ್ ಬದಲಾದಾಗ ಯಂತ್ರ ಹೊಸ ಕಡ್ಡಿಗಳಿಗೆ ಸಮಯ ಹೊಂದಿಸಿಕೊಳ್ಳುತ್ತದೆ. 64 ಜಿಬಿ, 128 ಜಿಬಿ ಇದ್ದರೆ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ. ನಡುವೆ ಆರಿಸಿದರೆ ಮತ್ತೆ ಮೊದಲಿನಿಂದ ಶುರು. ಚಾರ್ಜರ್ ಹಾಕಿಟ್ಟು ಹದಿನೈದು ನಿಮಿಷ ಬಿಡಿ. ಆಮೇಲೂ ಬಾರದಿದ್ದರೆ ಆರಿಸಿ, ಚಾರ್ಜರ್ ಕಿತ್ತು, ಹಳೆಯ ಕಡ್ಡಿ ಹಾಕಿ ಆನ್ ಮಾಡಿ, ಬಯಾಸ್‌ನ ಪವರ್ ವಿಭಾಗದಲ್ಲಿ ಒಳಗಿನ ಬ್ಯಾಟರಿಯನ್ನು ಡಿಸೇಬಲ್ ಮಾಡಿ, ಚಾರ್ಜರ್ ಕಿತ್ತು ಬಿಚ್ಚಿ. ಹೊಸದರಲ್ಲಿ ಒಂದೇ ಕಡ್ಡಿಯನ್ನು ಓರೆಯಾಗಿ ತಳ್ಳಿ, ಚಿನ್ನದ ಗೆರೆ ಹೊರಗೆ ಕಾಣದ ಹಾಗೆ ಕೂರಿಸಿ, ಎರಡೂ ಬದಿಯ ಕೊಕ್ಕೆ ಟಕ್ ಅನ್ನುವವರೆಗೆ ಕೆಳಗೆ ಒತ್ತಿ. ಚಾರ್ಜರ್ ಹಾಕಿದರೆ ಡಿಸೇಬಲ್ ಮಾಡಿದ ಬ್ಯಾಟರಿ ತಾನೇ ಎಚ್ಚರಗೊಳ್ಳುತ್ತದೆ. ಒಂದು ಕಡ್ಡಿಯಲ್ಲಿ ಚಿತ್ರ ಬಂದು ಇನ್ನೊಂದರಲ್ಲಿ ಬಾರದಿದ್ದರೆ ಕಡ್ಡಿಯೇ ಕೆಟ್ಟಿದೆ. ಬಿಲ್ ಜತೆ ಅಂಗಡಿಗೆ ವಾಪಸ್ ಕೊಡಿ.